‘ದೇವರಿದ್ದಾನೆ’ ಎಂಬ ವಾಕ್ಯಕ್ಕೆ ಅರ್ಥವಿದೆಯೇ? ತಾರ್ಕಿಕ ಪ್ರತ್ಯಕ್ಷವಾದದ ಬಗ್ಗೆ ಒಂದು ಪ್ರಶ್ನೆ

ಜಿಜ್ಞಾಸು ಅವರ ಪ್ರಶ್ನೆ

ಇಂಗ್ಲಿಷ್ ತತ್ತ್ವಜ್ಞಾನಿ ಎ. ಜೆ. ಏಯರ್ 1936ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಪುಸ್ತಕದಲ್ಲಿ ನೀತಿ ಮತ್ತು ದೇವತಾಶಾಸ್ತ್ರಗಳ ವಿಮರ್ಶೆಗೆ ಮೀಸಲಾದ ಅಧ್ಯಾಯವನ್ನು ಓದಿದ ಮೇಲೆ ಉಳಿದಿರುವ ಒಂದು ತೊಡಕನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಒಂದು ವಾಕ್ಯ ಅರ್ಥಪೂರ್ಣವಾಗಬೇಕಾದರೆ ಒಂದೋ ಅದು ಗಣಿತ, ತರ್ಕಗಳ ವಾಕ್ಯಗಳಂತೆ ಪದಗಳ ಅರ್ಥದ ಬಲದಿಂದಲೇ ಸತ್ಯವಾಗಿರಬೇಕು, ಇಲ್ಲವೇ ಅನುಭವದ ಮೂಲಕ ಅದರ ಸತ್ಯಾಸತ್ಯತೆಯನ್ನು ತಾತ್ತ್ವಿಕವಾಗಿಯಾದರೂ ಪರಿಶೀಲಿಸಲು ಸಾಧ್ಯವಿರಬೇಕು ಎಂಬುದು ಏಯರ್ ಸೇರಿದಂತೆ ತಾರ್ಕಿಕ ಪ್ರತ್ಯಕ್ಷವಾದಿಗಳ (ಲಾಜಿಕಲ್ ಪಾಸಿಟಿವಿಸ್ಟರ) ಮೂಲ ನಿಲುವು. ‘ತಾತ್ತ್ವಿಕವಾಗಿಯಾದರೂ’ ಎಂಬ ಮಾತನ್ನು ಅವರು ಸುಮ್ಮನೆ ಸೇರಿಸಿಲ್ಲ. ಚಂದ್ರನ ಹಿಂಬದಿಯಲ್ಲಿ ಬೆಟ್ಟಗಳಿವೆ ಎಂಬುದು ಅವರ ಉದಾಹರಣೆ. ಆ ಬದಿಯನ್ನು ಆಗ ಯಾರೂ ಕಂಡಿರಲಿಲ್ಲ. ಲೂನಾ 3 ನೌಕೆ ಅದರ ಚಿತ್ರ ತೆಗೆದದ್ದು 1959ರಲ್ಲಿ. ಆದರೂ ಏನನ್ನು ನೋಡಿದರೆ ಆ ಮಾತು ನಿಜವಾದೀತು ಎಂಬುದು 1936ರಲ್ಲೇ ಎಲ್ಲರಿಗೂ ತಿಳಿದಿತ್ತು, ಹಾಗಾಗಿ ವಾಕ್ಯ ಅರ್ಥಪೂರ್ಣ.

‘ದೇವರಿದ್ದಾನೆ’ ಎಂಬುದು ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲವಾದ್ದರಿಂದ ಅದನ್ನು ಸುಳ್ಳು ಎನ್ನುವುದಕ್ಕೂ ಆಸ್ಪದವಿಲ್ಲ ಎಂದು ಏಯರ್ ವಾದಿಸುತ್ತಾರೆ. ಇದರಿಂದ ಆಸ್ತಿಕರಿಗಾಗುವಷ್ಟೇ ಇರಿಸುಮುರಿಸು ನಾಸ್ತಿಕರಿಗೂ ಆಗಬೇಕು. ಏಕೆಂದರೆ ಅರ್ಥವಿಲ್ಲದ ವಾಕ್ಯವನ್ನು ನಿರಾಕರಿಸುವ ವಾಕ್ಯಕ್ಕೂ ಅರ್ಥವಿಲ್ಲ. ‘ನನಗೆ ಗೊತ್ತಿಲ್ಲ’ ಎನ್ನುವವರೂ ಅಲ್ಲೊಂದು ನಿಜವಾದ ಪ್ರಶ್ನೆಯಿದೆ ಎಂದು ಒಪ್ಪಿಕೊಂಡೇ ಹಾಗೆ ಹೇಳುತ್ತಿರುತ್ತಾರೆ.

ಪರಿಚಿತರೊಬ್ಬರೊಡನೆ ಇದನ್ನು ಚರ್ಚಿಸಿದಾಗ ಅವರು ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಟ್ಟರು. ಈ ಪರಿಶೀಲನಾ ತತ್ತ್ವವನ್ನು ಅನುಭವದಿಂದ ಪರಿಶೀಲಿಸಲಾಗದು, ಅದು ಪದಗಳ ಅರ್ಥದಿಂದಲೇ ಸತ್ಯವಾದದ್ದೂ ಅಲ್ಲ, ಆದ್ದರಿಂದ ಅದು ತನ್ನ ಮಾತಿನ ಪ್ರಕಾರವೇ ಅರ್ಥಹೀನ, ಅಲ್ಲಿಗೆ ದೇವರ ಕುರಿತ ಮಾತು ಕ್ಷೇಮ ಎಂದರು. ಗೆದ್ದೆವೆಂದು ಹೇಳಿಕೊಳ್ಳಲು ಇಷ್ಟೇ ಸಾಕೇ? ಆ ತತ್ತ್ವ ಬಿದ್ದುಹೋದರೆ, ಅದು ಎತ್ತಿದ ಪ್ರಶ್ನೆಯೂ ಅದರೊಂದಿಗೆ ಬಿದ್ದುಹೋಗುತ್ತದೆಯೇ? ಬಲ್ಲವರು ವಿವರಿಸಬೇಕಾಗಿ ವಿನಂತಿ.

ತರ್ಕಾಭ್ಯಾಸಿ ಅವರ ಉತ್ತರ

ಜಿಜ್ಞಾಸು ಅವರೇ, ನಿಮ್ಮ ಪರಿಚಿತರ ವಾದ ಬಹಳ ಜನಪ್ರಿಯವಾದದ್ದು. ನನ್ನ ಅಭಿಪ್ರಾಯದಲ್ಲಿ ಆ ಪಂಥದ ವಿರುದ್ಧ ಇರುವ ವಾದಗಳಲ್ಲಿ ಅತ್ಯಂತ ದುರ್ಬಲವಾದದ್ದೂ ಅದೇ. ಈ ಆಕ್ಷೇಪವನ್ನು ಪ್ರತ್ಯಕ್ಷವಾದಿಗಳು ಮೊದಲೇ ಊಹಿಸಿದ್ದರು. ತಮ್ಮ ತತ್ತ್ವ ಜಗತ್ತಿನ ಬಗೆಗಿನ ಹೇಳಿಕೆಯಲ್ಲ, ‘ಅರ್ಥ’ ಎಂಬ ಪದಕ್ಕೆ ತಾವು ಕೊಡುತ್ತಿರುವ ಲಕ್ಷಣ (ವ್ಯಾಖ್ಯೆ) ಎಂದು ಏಯರ್ ಹೇಳಿದರು. ಭಾಷೆಯನ್ನು ಹೀಗೆ ಕಟ್ಟಿಕೊಳ್ಳೋಣ ಎಂಬ ಸಲಹೆ ಎಂಬಂತೆ ಅದೇ ಪಂಥದ ರುಡಾಲ್ಫ್ ಕಾರ್ನಾಪ್ ಅದನ್ನು ಕಂಡರು. ಸಲಹೆಗೆ ಸತ್ಯಾಸತ್ಯತೆ ಇರುವುದಿಲ್ಲ. ‘ನಿಮ್ಮ ಸಲಹೆ ನಮಗೆ ಬೇಡ’ ಎನ್ನುವ ಸ್ವಾತಂತ್ರ್ಯ ಆಸ್ತಿಕರಿಗೆ ಇದ್ದೇ ಇದೆ, ಅದು ನಿಜ. ಆದರೆ ಹಾಗೆಂದವರು ಅರ್ಥವುಳ್ಳ ಮಾತಿಗೂ ಬರಿಯ ಶಬ್ದಸಮೂಹಕ್ಕೂ ಇರುವ ಗೆರೆಯನ್ನು ತಾವು ಎಲ್ಲಿ ಎಳೆಯುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಆ ತತ್ತ್ವ ನಿಜವಾಗಿ ಸೋತದ್ದು ಬೇರೆ ಕಡೆ, ಅದೂ ಅದರ ಪ್ರತಿಪಾದಕರ ಕೈಯಲ್ಲೇ. ವಿಯೆನ್ನಾದಲ್ಲಿ ಮೋರಿಟ್ಸ್ ಷ್ಲಿಕ್ ಅವರ ಸುತ್ತ 1920ರ ದಶಕದಲ್ಲಿ ಸೇರುತ್ತಿದ್ದ ಕೂಟದವರಿಗೆ ಎರಡು ಕೆಲಸಗಳು ಒಟ್ಟಿಗೆ ಆಗಬೇಕಿದ್ದವು: ಅಧ್ಯಾತ್ಮತತ್ತ್ವದ (ಮೆಟಾಫಿಸಿಕ್ಸ್‌ನ) ವಾಕ್ಯಗಳು ಹೊರಗೆ ಉಳಿಯಬೇಕು, ವಿಜ್ಞಾನದ ವಾಕ್ಯಗಳು ಒಳಗೆ ಬರಬೇಕು. ಪೂರ್ಣ ಪರಿಶೀಲನೆಯನ್ನೇ ಕೇಳಿದರೆ ‘ಎಲ್ಲ ಲೋಹಗಳೂ ಕಾಯಿಸಿದಾಗ ಹಿಗ್ಗುತ್ತವೆ’ ಎಂಬ ಸಾಮಾನ್ಯ ನಿಯಮವೂ ಹೊರಗೆ ಬೀಳುತ್ತದೆ, ಏಕೆಂದರೆ ಎಲ್ಲ ಲೋಹದ ತುಂಡುಗಳನ್ನೂ ಯಾರೂ ಕಾಯಿಸಿ ನೋಡಲಾರರು. ಅದಕ್ಕಿಂತ ಮುಜುಗರದ ಇನ್ನೊಂದು ಪರಿಣಾಮವೂ ಇದೆ. ‘ಕಪ್ಪು ಹಂಸವೊಂದಿದೆ’ ಎಂಬುದನ್ನು ಒಂದೇ ಒಂದು ಹಂಸವನ್ನು ತೋರಿಸಿ ಪೂರ್ಣವಾಗಿ ಪರಿಶೀಲಿಸಬಹುದು. ಅದರ ನಿಷೇಧವಾದ ‘ಕಪ್ಪು ಹಂಸವೇ ಇಲ್ಲ’ ಎಂಬುದನ್ನು ಹಾಗೆ ಪರಿಶೀಲಿಸಲಾಗದು. ಹಾಗಾದರೆ ಒಂದು ವಾಕ್ಯ ಅರ್ಥಪೂರ್ಣ, ಅದಕ್ಕೆ ‘ಇಲ್ಲ’ ಸೇರಿಸಿದೊಡನೆ ಅರ್ಥಹೀನ ಎಂದಾಯಿತು. ಇದನ್ನು ಯಾರೂ ಒಪ್ಪಲಾರರು. ಪರಿಶೀಲನೆಯ ಜಾಗದಲ್ಲಿ ಖಂಡನೀಯತೆಯನ್ನು, ಅಂದರೆ ಸುಳ್ಳೆಂದು ತೋರಿಸಲು ಸಾಧ್ಯವಿರುವುದನ್ನು, ಇಟ್ಟರೆ ಇದೇ ತೊಂದರೆ ತಲೆಕೆಳಗಾಗಿ ಬರುತ್ತದೆ. ಕಾರ್ಲ್ ಪಾಪರ್ 1934ರಲ್ಲಿ ಖಂಡನೀಯತೆಯನ್ನು ಮುಂದಿಟ್ಟದ್ದು ವಿಜ್ಞಾನವನ್ನು ವಿಜ್ಞಾನವಲ್ಲದ್ದರಿಂದ ಬೇರ್ಪಡಿಸಲಿಕ್ಕೇ ಹೊರತು ಅರ್ಥದ ಅಳತೆಗೋಲಾಗಿ ಅಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಆದ್ದರಿಂದ ಏಯರ್ ತತ್ತ್ವವನ್ನು ಸಡಿಲಿಸಿದರು. ಒಂದು ವಾಕ್ಯವನ್ನು ಬೇರೆ ಕೆಲವು ಆಧಾರವಾಕ್ಯಗಳೊಡನೆ ಸೇರಿಸಿದಾಗ, ಆ ಆಧಾರವಾಕ್ಯಗಳಿಂದ ಮಾತ್ರವೇ ದೊರೆಯದಂಥ ಒಂದು ಅನುಭವವಾಕ್ಯ (ನೋಡಿ ಪರೀಕ್ಷಿಸಬಹುದಾದ ವಾಕ್ಯ) ಫಲಿಸಿದರೆ ಸಾಕು, ಆ ವಾಕ್ಯ ಅರ್ಥಪೂರ್ಣ ಎಂದರು. ಇದು ಎಷ್ಟು ಸಡಿಲವೆಂದು ಕೈಯಾರೆ ಪರೀಕ್ಷಿಸಿ ನೋಡಿ. ‘ಪರತತ್ತ್ವವು ನಿದ್ರಿಸುತ್ತಿದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ಪರತತ್ತ್ವವು ನಿದ್ರಿಸುತ್ತಿದ್ದರೆ ಈ ಕಾಗದ ಬೆಳ್ಳಗಿದೆ’ ಎಂಬುದನ್ನು ಆಧಾರವಾಕ್ಯವಾಗಿ ಪಕ್ಕದಲ್ಲಿಡಿ. ಎರಡೂ ಸೇರಿದರೆ ‘ಈ ಕಾಗದ ಬೆಳ್ಳಗಿದೆ’ ಎಂಬುದು ಫಲಿಸುತ್ತದೆ. ಆಧಾರವಾಕ್ಯವೊಂದರಿಂದಲೇ ಅದು ಫಲಿಸುವುದಿಲ್ಲ. ಅಲ್ಲಿಗೆ ಪರತತ್ತ್ವದ ನಿದ್ರೆಯೂ ಅನುಭವಗಮ್ಯವಾಯಿತು! ಈ ದೋಷವನ್ನು ಐಸಾಯ ಬರ್ಲಿನ್ ಎತ್ತಿ ತೋರಿಸಿದ ಮೇಲೆ ಏಯರ್ 1946ರ ಎರಡನೆಯ ಆವೃತ್ತಿಯ ಪೀಠಿಕೆಯಲ್ಲಿ ಅದನ್ನು ಒಪ್ಪಿ ಹೆಚ್ಚು ಜಟಿಲವಾದ ಸೂತ್ರವನ್ನು ಕೊಟ್ಟರು. 1949ರಲ್ಲಿ ತರ್ಕಶಾಸ್ತ್ರಜ್ಞ ಅಲೋಂಜೊ ಚರ್ಚ್ ಬರೆದ ಪುಟ್ಟ ವಿಮರ್ಶೆ ಆ ಸೂತ್ರವನ್ನೂ ಮುಗಿಸಿತು: ಒಂದರಿಂದ ಇನ್ನೊಂದು ಫಲಿಸದ ಮೂರು ಅನುಭವವಾಕ್ಯಗಳಿದ್ದರೆ ಸಾಕು, ಯಾವ ವಾಕ್ಯವನ್ನು ತಂದರೂ ಅದು ಅಥವಾ ಅದರ ನಿಷೇಧ ಹೊಸ ಸೂತ್ರದಲ್ಲಿ ತೇರ್ಗಡೆಯಾಗುತ್ತದೆ ಎಂದು ಅವರು ತೋರಿಸಿದರು.

ಬಿಗಿ ಮಾಡಿದರೆ ಭೌತವಿಜ್ಞಾನವೂ ಹೊರಗೆ, ಸಡಿಲ ಮಾಡಿದರೆ ಎಲ್ಲವೂ ಒಳಗೆ; ಸೋಲು ಇದು. ಇದರ ಹಿಂದೆ ಇನ್ನೂ ಆಳವಾದ ಕಾರಣವಿದೆ ಎಂದು ಅಮೆರಿಕದ ತತ್ತ್ವಜ್ಞಾನಿ ಕ್ವೈನ್ 1951ರಲ್ಲಿ ವಾದಿಸಿದರು: ಅನುಭವದ ಎದುರು ವಾಕ್ಯಗಳು ಒಂಟಿಯಾಗಿ ನಿಲ್ಲುವುದಿಲ್ಲ, ಸಿದ್ಧಾಂತವೇ ಸಮಗ್ರವಾಗಿ ನಿಲ್ಲುತ್ತದೆ.

ಆದರೆ ಗಮನಿಸಿ, ಈ ಎಲ್ಲ ಖಂಡನೆಯಲ್ಲಿ ‘ದೇವರಿದ್ದಾನೆ’ ಎಂಬುದಕ್ಕೆ ಅರ್ಥವಿದೆ ಎಂದು ಎಲ್ಲಿಯೂ ಸಿದ್ಧವಾಗಲಿಲ್ಲ. ಪರೀಕ್ಷಕನ ಪ್ರಶ್ನೆಪತ್ರಿಕೆಯಲ್ಲಿ ದೋಷವಿತ್ತು ಎಂದಮಾತ್ರಕ್ಕೆ ಪರೀಕ್ಷೆಗೆ ಕುಳಿತವರೆಲ್ಲ ಉತ್ತೀರ್ಣರಾಗುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಎಂದೇ.

ಮೌನಿ ಅವರ ಉತ್ತರ

ತರ್ಕಾಭ್ಯಾಸಿ ಅವರ ವಿವರಣೆ ಉಪಯುಕ್ತವಾಗಿದೆ. ಆದರೂ ಇಡೀ ಚರ್ಚೆ ಒಂದು ಪೂರ್ವಗ್ರಹದ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ: ದೇವರನ್ನು ಕುರಿತು ಮಾತನಾಡುವವರೆಲ್ಲ ಊಹೆಯೊಂದನ್ನು ಮಂಡಿಸುತ್ತಿದ್ದಾರೆ ಎಂಬ ಪೂರ್ವಗ್ರಹ. ಪ್ರಾರ್ಥಿಸುವವರು, ಕ್ಷಮೆ ಬೇಡುವವರು, ಕೃತಜ್ಞತೆ ಹೇಳುವವರು ಜಗತ್ತಿನ ಬಗ್ಗೆ ವರದಿ ಕೊಡುತ್ತಿರುವುದಿಲ್ಲ.

ವಿಯೆನ್ನಾ ಕೂಟದವರು ತಮ್ಮ ಮಾರ್ಗದರ್ಶಕನೆಂದು ಬಗೆದ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಅವರಿಗೇ ಈ ವಿಷಯದಲ್ಲಿ ಅವರೊಡನೆ ಒಮ್ಮತವಿರಲಿಲ್ಲ. ಕೂಟದ ಕೆಲವರ ಎದುರು ಅವರು ತತ್ತ್ವಶಾಸ್ತ್ರ ಚರ್ಚಿಸುವ ಬದಲು ಗೋಡೆಯ ಕಡೆಗೆ ಮುಖ ಮಾಡಿ ರವೀಂದ್ರನಾಥ ಠಾಕೂರರ ಕವಿತೆಗಳನ್ನು ಓದಿದ ಸಂಗತಿ ಅವರ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ಹೇಳಲಾಗದ್ದನ್ನು ಕೂಟದವರು ಕಸವೆಂದು ಭಾವಿಸಿದರೆ, ವಿಟ್ಗೆನ್‌ಸ್ಟೈನ್ ಅದನ್ನೇ ಮುಖ್ಯವೆಂದು ಭಾವಿಸಿದ್ದರು. 1938ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಂತಿಮ ತೀರ್ಪಿನ ದಿನವನ್ನು ನಂಬುವವನ ಮಾತನ್ನೂ ನಂಬದವನ ಮಾತನ್ನೂ ಒಂದೇ ಅಳತೆಯಲ್ಲಿ ‘ಹೌದು’, ‘ಅಲ್ಲ’ ಎಂದು ಎದುರುಬದುರು ನಿಲ್ಲಿಸಲಾಗದು. ಮೊದಲನೆಯವನಿಗೆ ಆ ಚಿತ್ರ ಬದುಕಿನ ಪ್ರತಿ ನಡೆಯನ್ನೂ ತಿದ್ದುತ್ತಿರುತ್ತದೆ, ಎರಡನೆಯವನು ಅಂಥದೊಂದು ಚಿತ್ರವನ್ನಿಟ್ಟುಕೊಂಡು ಬದುಕುತ್ತಲೇ ಇಲ್ಲ.

1955ರಲ್ಲಿ ಆರ್. ಬಿ. ಬ್ರೇತ್‌ವೇಟ್ ಸ್ವತಃ ಅನುಭವವಾದಿಯಾಗಿದ್ದೇ ಇದಕ್ಕೆ ಸಮೀಪದ ನಿಲುವನ್ನು ತಳೆದರು. ಧಾರ್ಮಿಕ ವಾಕ್ಯಗಳು ಒಂದು ಬಗೆಯ ಬಾಳನ್ನು ಬಾಳುವ ಸಂಕಲ್ಪದ ಘೋಷಣೆಗಳು. ಅವುಗಳ ಜೊತೆಗಿರುವ ಕಥೆಗಳು ಆ ಸಂಕಲ್ಪಕ್ಕೆ ಬಲ ಕೊಡುತ್ತವೆ, ಅವು ನಡೆದ ಸಂಗತಿಗಳೆಂದು ನಂಬಲೇಬೇಕೆಂದಿಲ್ಲ ಎಂಬುದು ಅವರ ವಾದ. ಹೀಗೆ ನೋಡಿದರೆ ಏಯರ್ ಅವರ ಬಾಣಕ್ಕೆ ಗುರಿಯೇ ಇರುವುದಿಲ್ಲ.

ಜಿಜ್ಞಾಸು

ಮೌನಿ ಅವರೇ, ತಾವು ಹೇಳಿದ ದಾರಿ ಆಕರ್ಷಕವಾಗಿದ್ದರೂ ಅದಕ್ಕೆ ತೆರಬೇಕಾದ ಬೆಲೆ ಹೆಚ್ಚಾಯಿತೇನೋ ಎಂಬ ಅನುಮಾನ ನನಗಿದೆ. ‘ದೇವರು ನನ್ನ ಮೊರೆಯನ್ನು ಕೇಳುತ್ತಾನೆ’ ಎನ್ನುವ ಭಕ್ತರ ಬಳಿ ಹೋಗಿ ‘ನೀವು ಹೇಳುತ್ತಿರುವುದು ಇಂತಿಂಥ ರೀತಿಯಲ್ಲಿ ಬಾಳುತ್ತೇನೆಂಬ ಸಂಕಲ್ಪವನ್ನು ಮಾತ್ರ, ಕೇಳುವವನೊಬ್ಬ ಇದ್ದಾನೆಂದು ನೀವು ಹೇಳುತ್ತಿಲ್ಲ’ ಎಂದರೆ ಅವರಲ್ಲಿ ಎಷ್ಟು ಮಂದಿ ಒಪ್ಪಿಯಾರು? ಕ್ಷಮೆ ಬೇಡುವುದು ವರದಿಯಲ್ಲ ಎಂಬುದು ಸರಿಯೇ. ಆದರೆ ಕ್ಷಮಿಸಬಲ್ಲವನೊಬ್ಬನಿದ್ದಾನೆ ಎಂಬ ನಂಬಿಕೆಯಿಲ್ಲದೆ ಆ ಬೇಡಿಕೆಗೆ ಅರ್ಥವೆಲ್ಲಿಂದ ಬಂದೀತು? ಮಾತನ್ನು ಉಳಿಸಲು ಹೋಗಿ, ಆ ಮಾತನ್ನು ಆಡುವವರು ಅದರಲ್ಲಿ ಇಟ್ಟುಕೊಂಡದ್ದನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಪೂರ್ವಪಕ್ಷ ಅವರ ಉತ್ತರ

ಜಿಜ್ಞಾಸು ಅವರ ಆಕ್ಷೇಪ ಸರಿಯಾಗಿದೆ. ನಾನು ಪ್ರಶ್ನೆಯನ್ನು ಸ್ವಲ್ಪ ಬೇರೆ ಕಡೆಯಿಂದ ನೋಡಲು ಬಯಸುತ್ತೇನೆ. ದೇವರ ಕುರಿತ ಮಾತಿಗೆ ಒಟ್ಟಾರೆಯಾಗಿ ಅರ್ಥವಿದೆಯೇ ಎಂದು ಕೇಳುವುದೇ ತಪ್ಪು ಆರಂಭವೆಂದು ನನ್ನ ಅನಿಸಿಕೆ. ದೇವರಿಗೆ ಆರೋಪಿಸುವ ಒಂದೊಂದು ಗುಣವನ್ನೂ ಪ್ರತ್ಯೇಕವಾಗಿ ತೆಗೆದುಕೊಂಡು ವಿಚಾರಿಸಬೇಕು.

ಈ ದೃಷ್ಟಿಯಿಂದ ನೋಡಿದರೆ ಏಯರ್ ಅವರಿಗಿಂತ ಕಾರ್ನಾಪ್ 1932ರಲ್ಲಿ ಬರೆದ ಲೇಖನವೇ ಹೆಚ್ಚು ಹರಿತವಾದದ್ದು. ಅವರು ‘ದೇವರು’ ಎಂಬ ಪದದ ಬಳಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಪುರಾಣದ ಬಳಕೆಯಲ್ಲಿ ದೇವರು ಪರ್ವತದ ಮೇಲೋ ಸ್ವರ್ಗದಲ್ಲೋ ಶರೀರ ಧರಿಸಿ ಕುಳಿತಿರುವ, ಅಥವಾ ಶರೀರವಿಲ್ಲದಿದ್ದರೂ ಕಣ್ಣಿಗೆ ಕಾಣುವ ಘಟನೆಗಳಲ್ಲಿ ತನ್ನನ್ನು ತೋರಿಸಿಕೊಳ್ಳುವ ವ್ಯಕ್ತಿ. ಈ ಬಳಕೆಗೆ ಅರ್ಥವಿದೆ ಎಂದು ಕಾರ್ನಾಪ್ ಯಾವ ತಕರಾರೂ ಇಲ್ಲದೆ ಒಪ್ಪುತ್ತಾರೆ. ತತ್ತ್ವಜ್ಞಾನಿಗಳು ಆ ಶರೀರವನ್ನೂ ಆ ಘಟನೆಗಳನ್ನೂ ಒಂದೊಂದಾಗಿ ಕಳಚಿಹಾಕಿ, ಅವುಗಳ ಜಾಗದಲ್ಲಿ ಬೇರೇನನ್ನೂ ಇಡದೆ, ಅದೇ ಪದವನ್ನು ಬಳಸುತ್ತಾ ಹೋದಾಗ ಅರ್ಥ ಬರಿದಾಗುತ್ತದೆ ಎಂಬುದು ಅವರ ದೂರು. ದೇವತಾಶಾಸ್ತ್ರಜ್ಞರು ಅನುಕೂಲಕ್ಕೆ ತಕ್ಕಂತೆ ಈ ಎರಡರ ನಡುವೆ ಓಡಾಡುತ್ತಾರಂತೆ. ಪರಿಶೀಲನಾ ತತ್ತ್ವ ಹೋದರೂ ಈ ದೂರು ಉಳಿಯುತ್ತದೆ. ಕಳಚಿದ ಮೇಲೆ ಏನು ಉಳಿಯಿತು ಎಂದು ಕೇಳಲು ಯಾವ ಸೂತ್ರವೂ ಬೇಕಾಗಿಲ್ಲ.

ಇದೇ ಪ್ರಶ್ನೆಯನ್ನು ನಮ್ಮ ದರ್ಶನಗಳಲ್ಲಿ ಎಷ್ಟು ನಿಖರವಾಗಿ ಚರ್ಚಿಸಲಾಗಿದೆ ಎಂಬುದು ಇಲ್ಲಿ ನೆನಪಿಗೆ ಬರುತ್ತದೆ. ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದ (ಅರಿವಿನ ಸಾಧನವೆಂದ) ಚಾರ್ವಾಕರನ್ನು ಪ್ರತ್ಯಕ್ಷವಾದಿಗಳ ಪೂರ್ವಜರೆಂದು ಹೇಳುವ ರೂಢಿಯಿದೆ. ಅದು ಅಷ್ಟು ಸರಿಯಲ್ಲ; ಈಶ್ವರನಿಗೆ ಪ್ರಮಾಣವಿಲ್ಲ ಎಂಬುದು ಚಾರ್ವಾಕರ ಮಾತು, ‘ಈಶ್ವರನಿದ್ದಾನೆ’ ಎಂಬ ವಾಕ್ಯದಿಂದ ಬೋಧವೇ ಉಂಟಾಗದು ಎಂದಲ್ಲ. ಕಾರ್ನಾಪ್ ಅವರಿಗೆ ಹೆಚ್ಚು ಹತ್ತಿರವಾದ ಆಕ್ಷೇಪ ದೊರೆಯುವುದು ಮೀಮಾಂಸಾದರ್ಶನದವರಲ್ಲಿ ಮತ್ತು ಬೌದ್ಧರಲ್ಲಿ. ಗಡಿಗೆ ಎಂಬುದು ಒಂದು ಕಾರ್ಯ (ಉಂಟಾದ ವಸ್ತು), ಅದಕ್ಕೆ ಕರ್ತೃವಾದ ಕುಂಬಾರನಿದ್ದಾನೆ. ಭೂಮಿ ಮೊದಲಾದವೂ ಕಾರ್ಯಗಳೇ, ಆದ್ದರಿಂದ ಅವುಗಳಿಗೂ ಒಬ್ಬ ಕರ್ತೃವಿರಬೇಕು ಎಂಬುದು ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಅನುಮಾನ (ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು). ನಾವು ಕಂಡ ಕರ್ತೃಗಳೆಲ್ಲ ಶರೀರವುಳ್ಳವರು, ಶರೀರವಿಲ್ಲದವನಿಗೆ ಸೃಷ್ಟಿಸುವ ಇಚ್ಛೆಯಾದರೂ ಹೇಗೆ ಉಂಟಾದೀತು ಎಂದು ಮೀಮಾಂಸಕ ಕುಮಾರಿಲ ಭಟ್ಟರು ಕೇಳುತ್ತಾರೆ. ಹನ್ನೊಂದನೆಯ ಶತಮಾನದ ಬೌದ್ಧ ತಾರ್ಕಿಕ ರತ್ನಕೀರ್ತಿ ಈ ಅನುಮಾನವನ್ನು ಖಂಡಿಸಲೆಂದೇ ಒಂದು ಪ್ರತ್ಯೇಕ ಗ್ರಂಥವನ್ನು ಬರೆದರು.

ಇದಕ್ಕೆ ನ್ಯಾಯದರ್ಶನ ಕೊಟ್ಟ ಉತ್ತರವನ್ನು ಕಾರ್ನಾಪ್ ಅವರ ಮುಂದಿಟ್ಟು ನೋಡಬೇಕು. ಕರ್ತೃತ್ವವೆಂದರೆ ಉಪಾದಾನದ (ಮಣ್ಣಿನಂಥ ಮೂಲವಸ್ತುವಿನ) ಸಾಕ್ಷಾತ್ ಜ್ಞಾನ, ಮಾಡಬೇಕೆಂಬ ಇಚ್ಛೆ ಮತ್ತು ಪ್ರಯತ್ನ, ಈ ಮೂರೇ. ಶರೀರ ಆ ಲಕ್ಷಣದೊಳಗೆ ಸೇರುವುದಿಲ್ಲ. ಕುಂಬಾರನಿಗೆ ಕೈ ಬೇಕಾದದ್ದು ಅವನ ಪ್ರಯತ್ನ ಮಣ್ಣನ್ನು ತಲುಪಲು. ಆದರೆ ತನ್ನ ಕೈಯನ್ನೇ ಎತ್ತುವಾಗ ಅವನು ಇನ್ನೊಂದು ಕೈಯನ್ನು ಬಳಸುವುದಿಲ್ಲ, ಪ್ರಯತ್ನ ಅಲ್ಲಿ ನೇರವಾಗಿಯೇ ಫಲಿಸುತ್ತದೆ. ವಾದವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಶರೀರವನ್ನು ಕಳಚಿದ ಮೇಲೂ ‘ಕರ್ತೃ’ ಎಂಬುದರಲ್ಲಿ ಏನು ಉಳಿಯುತ್ತದೆ ಎಂಬುದನ್ನು ಇಲ್ಲಿ ಹೆಸರಿಸಿ ಹೇಳಲಾಗಿದೆ, ಹಾಗಾಗಿ ‘ಜಾಗ ಖಾಲಿಯಾಗಿದೆ’ ಎಂಬ ದೂರು ಈ ಪದದ ಮಟ್ಟಿಗೆ ಅನ್ವಯಿಸದು. ಅನುಮಾನ ತಪ್ಪಾಗಿರಬಹುದು. ತಪ್ಪಾಗಬೇಕಾದರೂ ಅದಕ್ಕೆ ಅರ್ಥವಿರಲೇಬೇಕಷ್ಟೆ.

ತರ್ಕಾಭ್ಯಾಸಿ

ಪೂರ್ವಪಕ್ಷ ಅವರ ಈ ವಿಂಗಡಣೆಯನ್ನು ನಾನು ಒಪ್ಪುತ್ತೇನೆ. ಅದನ್ನು ‘ಕರ್ತೃ’ ಎಂಬ ಪದದಿಂದ ‘ಪ್ರೀತಿಸುವವನು’ ಎಂಬ ಪದಕ್ಕೆ ಕೊಂಡೊಯ್ದರೆ ಏನಾಗುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ಬಹುಪಾಲು ಆಸ್ತಿಕರಿಗೆ ಮುಖ್ಯವಾದದ್ದು ಅದೇ.

ಇಂಗ್ಲಿಷ್ ತತ್ತ್ವಜ್ಞಾನಿ ಆಂಟನಿ ಫ್ಲೂ 1950ರಲ್ಲಿ ಪ್ರಕಟಿಸಿದ ಕಿರುಲೇಖನ ಅರ್ಥದ ಸಾಮಾನ್ಯ ಸೂತ್ರವನ್ನೇನೂ ಕೇಳುವುದಿಲ್ಲ. ಕಾಡಿನ ನಡುವೆ ಹೂವೂ ಕಳೆಯೂ ಬೆಳೆದಿರುವ ಬಯಲೊಂದನ್ನು ಕಂಡ ಇಬ್ಬರಲ್ಲಿ ಒಬ್ಬನು ಇದಕ್ಕೆ ತೋಟಗಾರನಿದ್ದಾನೆ ಎನ್ನುತ್ತಾನೆ. ಕಾವಲು ಕುಳಿತರೂ ಯಾರೂ ಬರುವುದಿಲ್ಲ, ವಿದ್ಯುತ್ ಬೇಲಿ ಹಾಕಿದರೂ ಯಾರೂ ಸಿಕ್ಕಿಬೀಳುವುದಿಲ್ಲ, ಬೇಟೆನಾಯಿಗಳೂ ಬೊಗಳುವುದಿಲ್ಲ. ತೋಟಗಾರನು ಕಣ್ಣಿಗೆ ಕಾಣದವನು, ಮುಟ್ಟಲಾಗದವನು, ವಾಸನೆಯಿಲ್ಲದವನು ಎಂದು ಅವನು ತಿದ್ದುಪಡಿ ಮಾಡುತ್ತಾ ಹೋಗುತ್ತಾನೆ. ಅಂಥ ತೋಟಗಾರನಿಗೂ ತೋಟಗಾರನೇ ಇಲ್ಲದಿರುವುದಕ್ಕೂ ವ್ಯತ್ಯಾಸವೇನು? ಕಥೆಯ ಮೂಲರೂಪ ಜಾನ್ ವಿಸ್ಡಮ್ ಅವರದು, ಫ್ಲೂ ಅದನ್ನು ಮೊನಚಾಗಿಸಿದರು. ಕಥೆಗಿಂತ ನನಗೆ ಮುಖ್ಯವೆನಿಸುವುದು ಲೇಖನದ ಕೊನೆಯಲ್ಲಿ ಬರುವ ನಿದರ್ಶನ: ಗಂಟಲಿನ ಕ್ಯಾನ್ಸರ್‌ನಿಂದ ಮಗುವೊಂದು ಸಾಯುತ್ತಿದೆ, ಹೆತ್ತ ತಂದೆ ಹುಚ್ಚನಂತೆ ಓಡಾಡುತ್ತಿದ್ದಾನೆ, ಪರಲೋಕದ ತಂದೆಯಿಂದ ಕಾಳಜಿಯ ಯಾವ ಕುರುಹೂ ಇಲ್ಲ. ‘ದೇವರ ಪ್ರೀತಿ ಮನುಷ್ಯರ ಪ್ರೀತಿಯಂಥದಲ್ಲ’ ಎಂದು ಆಗ ಹೇಳುತ್ತಾರೆ. ಹಾಗಾದರೆ ಏನು ನಡೆದರೆ ‘ದೇವರು ಪ್ರೀತಿಸುತ್ತಿಲ್ಲ’ ಎಂದು ಒಪ್ಪುತ್ತೀರಿ ಎಂಬುದೇ ಫ್ಲೂ ಅವರ ಪ್ರಶ್ನೆ. ಇದು ಕಾರ್ನಾಪ್ ಅವರ ಕಳಚುವಿಕೆಯೇ. ಇಲ್ಲಿ ಅದು ಪ್ರತಿ ದುರಂತದ ಎದುರಿಗೂ ಒಂದೊಂದು ತುಂಡಾಗಿ ನಡೆಯುತ್ತದೆ.

(2004ರಲ್ಲಿ ಫ್ಲೂ ಒಬ್ಬ ಸೃಷ್ಟಿಕರ್ತನಿದ್ದಾನೆಂದು ಒಪ್ಪಿಕೊಂಡರೆಂಬುದನ್ನು ಇಲ್ಲಿ ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಪ್ರಶ್ನೆ ಕೇಳಿದವರ ಮನಸ್ಸು ಬದಲಾದರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ.)

ಜಾನ್ ಹಿಕ್ 1960ರಲ್ಲಿ ಮರಣೋತ್ತರ ಅನುಭವವೇ ಪರಿಶೀಲನೆಯಾದೀತು ಎಂದರು. ಆದರೆ ಸತ್ತ ಮೇಲೆ ಉಳಿಯುವವನು ನಾನೇ ಎಂಬುದಕ್ಕೆ ಮೊದಲು ಅರ್ಥ ಕೊಡಬೇಕಾಗುವುದರಿಂದ ತೊಡಕು ಮುಂದಕ್ಕೆ ಹೋಗುತ್ತದೆಯೇ ಹೊರತು ಬಗೆಹರಿಯುವುದಿಲ್ಲ. ಇದಕ್ಕಿಂತ ಬೇಸಿಲ್ ಮಿಚೆಲ್ ಅವರ ಉತ್ತರ ಪ್ರಾಮಾಣಿಕವಾದದ್ದು. ಮಗುವಿನ ನೋವು ದೇವರ ಪ್ರೀತಿಗೆ ವಿರುದ್ಧವಾದ ಸಾಕ್ಷ್ಯವೇ ಹೌದು, ಆಸ್ತಿಕನು ಅದನ್ನು ಸಾಕ್ಷ್ಯವೆಂದು ಒಪ್ಪಿಯೂ ವಿಶ್ವಾಸವನ್ನು ಬಿಡುವುದಿಲ್ಲ ಎಂದು ಅವರು ಹೇಳಿದರು. ಹೀಗೆ ಒಪ್ಪಿದ ಕ್ಷಣದಲ್ಲೇ ವಾಕ್ಯಕ್ಕೆ ಅರ್ಥ ಬಂತು; ಜೊತೆಗೇ ಅದು ಸುಳ್ಳಾಗಿರಬಹುದಾದ ಸಾಧ್ಯತೆಯೂ ಬಂತು. ‘ನೋವು ವಿರುದ್ಧ ಸಾಕ್ಷ್ಯವೇ ಅಲ್ಲ, ಎಲ್ಲವೂ ಪ್ರೀತಿಯೇ’ ಎನ್ನುವವರಿಗೆ ಆ ಅಪಾಯವಿಲ್ಲ. ಆದರೆ ಪೂರ್ವಪಕ್ಷ ಅವರು ‘ಕರ್ತೃ’ ಎಂಬುದಕ್ಕೆ ಜ್ಞಾನ, ಇಚ್ಛೆ, ಪ್ರಯತ್ನ ಎಂದು ಹೆಸರಿಸಿದಂತೆ, ‘ಪ್ರೀತಿ’ ಎಂಬ ಪದದಲ್ಲಿ ತಮಗೆ ಉಳಿದಿರುವುದು ಏನೆಂದು ಅವರು ಹೆಸರಿಸಬೇಕಾಗುತ್ತದೆ, ಮತ್ತು ಅದನ್ನು ಹೆಸರಿಸಿದ ಬರಹವನ್ನು ನಾನು ಇದುವರೆಗೆ ಓದಿಲ್ಲ.